ಅರ್ಧ ತುಂಬಿದ ಹಂಡೆ

ಈಗ ಮನೆಗಳು ಸದ್ದಿಲ್ಲದೆ ಬೆಚ್ಚಗಾಗುತ್ತವೆ. ಆಗ ಹಾಗಿರಲಿಲ್ಲ. ಅಕ್ಟೋಬರಿನಲ್ಲಿ ಮೊದಲ ಸಲ ಹೀಟಿಂಗ್ ಹಾಕಿದ ದಿನ, ಬೇಸಿಗೆಯೆಲ್ಲ ಕೋಣೆ ಬಿಸಿಮಾಡುವ ಕಬ್ಬಿಣದ ರೇಡಿಯೇಟರುಗಳ ಮೇಲೆ ಕೂತಿದ್ದ ಧೂಳು ಸುಟ್ಟ ವಾಸನೆ ಮನೆ ತುಂಬುತ್ತಿತ್ತು. ಆಮೇಲೆ ಒಂದೊಂದೇ ಕೋಣೆಯಿಂದ 'ಸ್ಸ್' ಎನ್ನುವ ಉಸಿರು. ನ್ಯೂಜೆರ್ಸಿಯ ಹಳೆಯ ಮನೆಗಳಲ್ಲಿ ಬೆಳೆದವರಿಗೆ ಇಷ್ಟು ಹೇಳಿದರೆ ಸಾಕು, ರೇಡಿಯೇಟರ್ ಮೇಲೆ ಕಾಲುಚೀಲ ಒಣಗಿಸಿದ್ದು, ಅದರ ಪಕ್ಕ ದೋಸೆಹಿಟ್ಟು ಹುಳಿಬರಲು ಇಟ್ಟಿದ್ದು, ಎಲ್ಲ ನೆನಪಾಗುತ್ತದೆ.

ನಮ್ಮ ಮನೆ ಐಸೆಲಿನ್‌ನಲ್ಲಿತ್ತು. ಶನಿವಾರ ಬಂತೆಂದರೆ ಓಕ್ ಟ್ರೀ ರೋಡಿಗೆ ಸೀರೆ ಕೊಳ್ಳಲು ಬಂದವರ ಕಾರುಗಳು ನಮ್ಮ ಬಾಗಿಲವರೆಗೂ ನಿಲ್ಲುತ್ತಿದ್ದವು. ಬೇಸ್‌ಮೆಂಟಿನಲ್ಲಿ ಆವಿಯ ಬಾಯ್ಲರ್ ಇತ್ತು. ಅದು ನೀರು ಕುದಿಸಿ, ಆವಿಯನ್ನು ಕೊಳವೆಗಳಲ್ಲಿ ಮೇಲಿನ ಕೋಣೆಗಳಿಗೆ ಕಳಿಸುತ್ತಿತ್ತು. ಮೈಸೂರಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದ ಅಮ್ಮನಿಗೆ ಇಲ್ಲಿಯ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಬಾಯ್ಲರ್ ನೋಡಿಕೊಳ್ಳುವುದಕ್ಕೆ ವೀಸಾ ಬೇಕಿರಲಿಲ್ಲ. ಮನೆ ಮಾರಿದ ಮುದುಕರ ಹತ್ತಿರ ಒಂದು ಮಧ್ಯಾಹ್ನ ನಿಂತು ಕಲಿತಳು, ಉಳಿದದ್ದನ್ನು ಲೈಬ್ರರಿಯ ಪುಸ್ತಕ ತಂದು ಓದಿಕೊಂಡಳು. ಅಪ್ಪ ಯಾರನ್ನಾದರೂ ಕರೆಸೋಣ ಎಂದರೆ ಅಮ್ಮನಿಗೆ ಸಿಟ್ಟೇ ಬರುತ್ತಿತ್ತು.

ಬಾಯ್ಲರಿನ ಪಕ್ಕದಲ್ಲಿ ಒಂದು ಗಾಜಿನ ಕೊಳವೆ ಇತ್ತು. ಒಳಗೆ ನೀರು ಎಷ್ಟಿದೆ ಎಂದು ಅದರಲ್ಲಿ ಗೆರೆ ಕಾಣುತ್ತಿತ್ತು. ಆ ಗೆರೆ ಸದಾ ಗಾಜಿನ ನಡುಮಧ್ಯದಲ್ಲಿರಬೇಕು. ಅದರ ಹತ್ತಿರವೇ ಕಬ್ಬಿಣದ ಒಂದು ಗಡ್ಡೆ. ನೀರು ತೀರ ಇಳಿದರೆ ಉರಿಯನ್ನು ಆರಿಸುವುದು ಅದರ ಕೆಲಸ. ಅಮ್ಮ ಅದಕ್ಕೆ ಕಾವಲುಗಾರ ಎಂದು ಹೆಸರಿಟ್ಟಿದ್ದಳು. ಪ್ರತಿ ಭಾನುವಾರ ಅದರ ಕೆಳಗೆ ಬಕೆಟ್ ಹಿಡಿದು ನಲ್ಲಿ ತಿರುಗಿಸಿದರೆ ಕಂದು ಕೆಸರು ಬರುತ್ತಿತ್ತು. ನೀರು ತಿಳಿಯಾಗುವವರೆಗೆ ಬಿಟ್ಟು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕನ್ನಡ ಅಂಕಿಯಲ್ಲಿ ತಾರೀಖು ಬರೆಯುತ್ತಿದ್ದಳು. ನಾನು ಕನ್ನಡ ಅಂಕಿ ಕಲಿತದ್ದು ಆ ಗೋಡೆಯಿಂದ.

ನನಗೆ ಹತ್ತು ವರ್ಷವಾದಾಗ ಧಾರವಾಡದಿಂದ ಅಜ್ಜಿ ಬಂದರು, ಅಪ್ಪನ ತಾಯಿ. ನನ್ನ ಕೋಣೆಯಲ್ಲೇ ಮಲಗುತ್ತಿದ್ದರು. ತಲೆಗೆ ಎಣ್ಣೆ ತಟ್ಟುತ್ತಾ ಕವಡೆ ಆಟದಲ್ಲಿ ಮೋಸ ಮಾಡುವುದು ಹೇಗೆಂದು ಹೇಳಿಕೊಟ್ಟರು. ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ, "ಅದನ್ನ ನಮ್ಮ ಭಾಷಾದಾಗ ಹೇಳವಾ, ನಾ ಕಾಯ್ತೀನಿ" ಎಂದು ನಿಜವಾಗಿಯೂ ಕಾಯುತ್ತಿದ್ದರು. ಅವರು ಹೋಗುವುದೇ ಬೇಡ ಅನಿಸಿಬಿಟ್ಟಿತ್ತು ನನಗೆ.

ಆದರೆ ಚಳಿಗೆ ಅವರ ಮಂಡಿ ಹಿಡಿದುಕೊಳ್ಳುತ್ತಿತ್ತು. ಹ್ಯಾರಿಸನ್‌ನ ಹೊಸ ಅಪಾರ್ಟ್‌ಮೆಂಟಿನಲ್ಲಿದ್ದ ಕಾಕಾ, ಅಂದರೆ ಅಪ್ಪನ ತಮ್ಮ, ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು: "ಹಬ್ಬದ ಹೊತ್ತಿಗೆ ಮನಿ ಸರಿಯಾಗಿ ಬೆಚ್ಚಗಾಗಲಿಲ್ಲಂದ್ರ ಅವ್ವನ್ನ ನಾ ಕರಕೊಂಡು ಬರ್ತೀನಿ." ಅಪ್ಪ ಒಪ್ಪಿಬಿಟ್ಟರು. ಅಜ್ಜಿಯ ಚೀಲ ತುಂಬಿ ಬಾಗಿಲ ಹತ್ತಿರ ಕೂತಿತು. ಅಮ್ಮ ಅದನ್ನು ತನಗೇ ಹಾಕಿದ ಸವಾಲಿನ ಹಾಗೆ ನೋಡುತ್ತಿದ್ದಳು.

ಆ ಶನಿವಾರ ನೀರು ತುಂಬುವ ಹಬ್ಬ. ದೀಪಾವಳಿಯ ಹಿಂದಿನ ದಿನ ಬಚ್ಚಲ ಹಂಡೆ ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣು ಹಚ್ಚಿ, ಬಳ್ಳಿ ಸುತ್ತಿ, ನೀರು ತುಂಬಿ ಪೂಜಿಸುವುದು ಅಜ್ಜಿಗೆ ಬಿಡಲಾಗದ ಪದ್ಧತಿ. ಇಲ್ಲಿ ಹಂಡೆ ಎಲ್ಲಿದೆ ಎಂದು ಮನೆಯೆಲ್ಲ ಹುಡುಕಿ, ಕೊನೆಗೆ ಬೇಸ್‌ಮೆಂಟಿಗೆ ಇಳಿದು ಬಾಯ್ಲರ್ ಮುಂದೆ ನಿಂತರು.

"ಇದ ನೋಡ ಹಂಡೆ. ಕೆಳಗ ಉರಿ, ಒಳಗ ನೀರು. ಮತ್ತೇನು ಬೇಕು?"

ಅಮ್ಮ ಬೆಳಿಗ್ಗೆಯೇ ಕಾವಲುಗಾರನ ಕೆಸರು ತೆಗೆದು, ಉರಿ ಆರುತ್ತದೆಯೇ ಎಂದು ಪರೀಕ್ಷಿಸಿ, ಪೂಜೆಗೆಂದು ಸ್ವಿಚ್ ಆರಿಸಿದ್ದಳು. "ಉರಿ ಬರೋ ಕಡೆ ಮಾತ್ರ ಹೂವು ಬೇಡ ಅತ್ತೆ" ಎಂದು ಹೇಳಿ ಹೋಳಿಗೆ ಮಾಡಲು ಮೇಲೆ ಹೋದಳು. ಅಪ್ಪನಿಗೆ ಆ ದಿನವೂ ಕ್ರ್ಯಾನ್‌ಬರಿ ಎಂಬ ಊರಿನಲ್ಲಿ ಆಫೀಸು. ನಾನೂ ಅಜ್ಜಿಯೂ ಬಾಯ್ಲರಿಗೆ ಕುಂಕುಮ ಇಟ್ಟೆವು, ರಂಗೋಲಿ ಹಾಕಿದೆವು. ಹಬ್ಬದ ಬಳ್ಳಿ ಸಿಗಲಿಲ್ಲವೆಂದು ಅಮ್ಮನ ಮನಿಪ್ಲಾಂಟನ್ನು ಕತ್ತರಿಸಿ ಸುತ್ತಿದೆವು.

"ನೀರು ಎಷ್ಟು ಐತಿ ನೋಡ ಪುಟ್ಟಿ."

"ಹಾಫ್, ಅಜ್ಜಿ. ಅರ್ಧ."

"ಅರ್ಧಾ? ವರ್ಷದ ಹಬ್ಬದ ದಿನಾ ಅರ್ಧಾ ಹಂಡೇನ? ತುಂಬಸು, ತುಂಬಸು."

ನೀರಿನ ನಲ್ಲಿ ಯಾವುದೆಂದು ನನಗೆ ಗೊತ್ತಿತ್ತು. ಗೊತ್ತಿದೆ ಎಂಬ ಜಂಬವೂ ಇತ್ತು. ತಿರುಗಿಸಿದೆ. ಗಾಜಿನ ಗೆರೆ ಏರುತ್ತಾ ಏರುತ್ತಾ ಮೇಲೆ ಹೋಗಿ ಮಾಯವಾಯಿತು. ಹಬ್ಬವಲ್ಲವೇ ಎಂದು ಇನ್ನೂ ಮುನ್ನೂರು ಎಣಿಸುವವರೆಗೆ ಬಿಟ್ಟು ನಲ್ಲಿ ಮುಚ್ಚಿದೆ. ಅಜ್ಜಿ ಆರತಿ ಎತ್ತಿದರು.

ಪೂಜೆಯಾದ ಮೇಲೆ ಅಮ್ಮ ಮೆಟ್ಟಿಲ ತುದಿಯಲ್ಲಿದ್ದ ಸ್ವಿಚ್ ಹಾಕಿದಳು. ಅರ್ಧ ಗಂಟೆಯಾದರೂ 'ಸ್ಸ್' ಸದ್ದಿಲ್ಲ. ಇನ್ನಷ್ಟು ಹೊತ್ತಿನ ಮೇಲೆ ಗೋಡೆಯೊಳಗೆ ಯಾರೋ ಸುತ್ತಿಗೆಯಿಂದ ಹೊಡೆದ ಹಾಗೆ ಢಬ್ ಢಬ್ ಎಂದು ಶುರುವಾಯಿತು. ನಡುಮನೆಯ ರೇಡಿಯೇಟರ್ ತುಕ್ಕುನೀರನ್ನು ಕಾರ್ಪೆಟ್ ಮೇಲೆ ಉಗುಳಿತು. ಮುಟ್ಟಿದರೆ ತಣ್ಣಗಿತ್ತು. ಅದೇ ಹೊತ್ತಿಗೆ ಪಾರ್ಕಿಂಗ್ ಸಿಗದೆ ಎರಡು ಬೀದಿ ನಡೆದು ಸಿಟ್ಟಾಗಿದ್ದ ಕಾಕಾ ಒಳಗೆ ಬಂದರು.

ಅಮ್ಮ ಸ್ವಿಚ್ ಆರಿಸಿ ಬೇಸ್‌ಮೆಂಟಿಗೆ ಓಡಿದಳು. ಹಿಂದೆಯೇ ನಾವೆಲ್ಲ. ಟಾರ್ಚ್ ಹಿಡಿದು ಗಾಜನ್ನು ನೋಡಿದಳು. ಗೆರೆಯೇ ಇರಲಿಲ್ಲ.

"ವೈನಿ, ನೀರ ಇಲ್ಲಲ್ಲಾ. ತುಂಬಸ್ರಿ ಮೊದಲ" ಎಂದು ಅತ್ತಿಗೆಗೆ ಹೇಳುತ್ತಲೇ ಕಾಕಾ ನಲ್ಲಿಗೆ ಕೈ ಹಾಕಿದರು.

"ಮುಟ್ಟಬೇಡಿ!" ಅಮ್ಮ ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. "ಗಾಜು ಖಾಲಿಯಾದ್ರೂ ಹೀಗೇ ಕಾಣತ್ತೆ, ಪೂರ್ತಿ ತುಂಬಿದ್ರೂ ಹೀಗೇ ಕಾಣತ್ತೆ. ಖಾಲಿ ಇದ್ದು ಕಾದಿದ್ರೆ, ತಣ್ಣೀರು ಬಿದ್ದ ತಕ್ಷಣ ಬಾಯ್ಲರ್ ಸೀಳಿಹೋಗತ್ತೆ."

ಕಾಕಾ ಕೈ ಹಿಂದೆ ತೆಗೆದರು. ಅಮ್ಮ ಕಾವಲುಗಾರನ ಮೇಲೆ ಕೈ ಇಟ್ಟು, ಕ್ಲಾಸಿನಲ್ಲಿ ಲೆಕ್ಕ ಬಿಡಿಸುವ ದನಿಯಲ್ಲಿ ಹೇಳತೊಡಗಿದಳು. "ಇವನನ್ನ ಬೆಳಿಗ್ಗೆ ತಾನೇ ತೊಳ್ದಿದೀನಿ, ಟೆಸ್ಟ್ ಮಾಡಿದೀನಿ. ನೀರು ಖಾಲಿಯಾಗಿದ್ರೆ ಉರಿ ಆರಿಸಿರ್ತಿದ್ದ. ನಾನು ಸ್ವಿಚ್ ತೆಗೆಯೋ ತನಕ ಉರಿ ಇತ್ತು. ಅಂದ್ರೆ ಖಾಲಿ ಅಲ್ಲ. ಕೊರಳ ತನಕ ತುಂಬಿದೆ. ಆವಿಗೆ ಜಾಗಾನೇ ಇಲ್ಲ." ಗಾಜಿನ ಕೆಳಗಿನ ಸಣ್ಣ ತಿರುಪನ್ನು ಬಿಚ್ಚಿದಳು. ನೀರು ಬಂತು, ಬರುತ್ತಲೇ ಇತ್ತು. "ಆದ್ರೆ ತುಂಬಿದ್ದು ಯಾರು?"

"ಐ ಡಿಡ್," ಎಂದೆ. ಅಜ್ಜಿ ನನ್ನ ಕಡೆ ನೋಡಿದರು. ನಮ್ಮ ಭಾಷೆಯಲ್ಲಿ ಮತ್ತೆ ಹೇಳಿದೆ: "ನಾನೇ ತುಂಬಿಸ್ದೆ, ಅಮ್ಮ."

"ಆಕೀನ್ನ ಬೈಬ್ಯಾಡ ಸುಮಾ. ತುಂಬಸು ಅಂದಾಕಿ ನಾನು" ಎಂದರು ಅಜ್ಜಿ.

ಅಮ್ಮನ ಮುಖ ಕೆಂಪಾಯಿತು. ನನ್ನನ್ನೂ ಅಜ್ಜಿಯನ್ನೂ, ಮನಿಪ್ಲಾಂಟ್ ಸುತ್ತಿಕೊಂಡು ಕುಂಕುಮ ಇಟ್ಟುಕೊಂಡು ನಿಂತಿದ್ದ ಬಾಯ್ಲರನ್ನೂ ನೋಡಿದಳು. ಬೈಯಲು ತೆರೆದ ಬಾಯಿಂದ ನಗು ಹೊರಬಂತು.

ಕಾಕಾ ನಗಲಿಲ್ಲ. "ನಡೀ ಅವ್ವಾ. ಇದು ಇವತ್ತು ಆಗೂದಲ್ಲ. ನಮ್ಮ ಬಿಲ್ಡಿಂಗಿನಾಗ ಬಟನ್ ಒತ್ತಿದ್ರ ಮುಗೀತು. ವೈನಿ, ನೀವೂ ಯಾರನ್ನಾರ ಕರಸ್ರಿ."

"ಯಾರನ್ನ ಕರಸಬೇಕೋ?" ಅಜ್ಜಿ ಬಟ್ಟೆ ಒಗೆಯುವ ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕೂತೇಬಿಟ್ಟರು. "ಬಲ್ಲಾಕಿ ಇಲ್ಲೇ ಅದಾಳಲ್ಲ. ಹಂಡೆ ಕಾದ ಮ್ಯಾಲೆ ಮಾತಾಡೂಣು."

ಬಾಯ್ಲರ್ ಆರಲು ಬಿಟ್ಟು, ಅಮ್ಮ ಅದರ ಬುಡದ ನಲ್ಲಿಗೆ ಬಕೆಟ್ ಹಿಡಿದಳು. ನಾನು ಅರ್ಧರ್ಧ ಬಕೆಟ್ ಹೊತ್ತು ಸಿಂಕಿಗೆ ಸುರಿದೆ. ಸ್ವಲ್ಪ ಹೊತ್ತಿಗೆ ಕಾಕಾ ಕೋಟಿನ ತೋಳು ಮಡಚಿ, ಗೊಣಗುತ್ತಲೇ, ಪೂರ್ತಿ ಬಕೆಟ್ ಎತ್ತಿಕೊಂಡರು. ಬಕೆಟ್ ಮೇಲೆ ಬಕೆಟ್ ಹೋಯಿತು. ನಾನು ಗಾಜಿನಿಂದ ಕಣ್ಣು ಕೀಳಲಿಲ್ಲ. ಕೊನೆಗೂ ಮೇಲಿನ ತುದಿಯಲ್ಲಿ ಸಣ್ಣ ಗೆರೆಯೊಂದು ಅಲ್ಲಾಡಿತು.

"ಗೆರೆ ಬಂತು! ಅಮ್ಮಾ, ಗೆರೆ!"

ಗೆರೆ ನಡುಮಧ್ಯಕ್ಕೆ ಇಳಿದಾಗ ಅಮ್ಮ ನಲ್ಲಿ ಮುಚ್ಚಿ, ಕುಂಕುಮದ ಭರಣಿಯನ್ನು ಅಜ್ಜಿಗೆ ಕೊಟ್ಟಳು. "ಅತ್ತೆ, ಗಾಜಿನ ಪಕ್ಕ ಇಲ್ಲಿ ಕುಂಕುಮ ಇಡಿ. ಈ ಹಂಡೆಗೆ ಇದೇ ಅಂಚು. ಇಲ್ಲಿಗೆ ಬಂದ್ರೆ ತುಂಬಿದ ಹಾಗೆ."

ಅಜ್ಜಿ ಗಂಭೀರವಾಗಿ ಇಟ್ಟರು. ಅಮ್ಮ ನನ್ನ ಕಡೆ ತಿರುಗಿ, "ಸ್ವಿಚ್ ನೀನು ಹಾಕು" ಎಂದಳು.

ಮೊದಲು ನಡುಮನೆ ಉಸಿರಾಡಿತು. ಆಮೇಲೆ ಊಟದ ಕೋಣೆ. ಎಲ್ಲಕ್ಕಿಂತ ಕೊನೆಗೆ ಮೇಲಿನ ನನ್ನ ಕೋಣೆ. ಅಜ್ಜಿ ಅಲ್ಲಿಯ ರೇಡಿಯೇಟರನ್ನು ಮುಟ್ಟಿ, ಕೈ ತೆಗೆದು, ಎರಡೂ ಅಂಗೈಗಳನ್ನು ಮಂಡಿಗೆ ಒತ್ತಿಕೊಂಡರು. ಕೆಳಗೆ ಕಾಕಾ ಕೋಟು ಕಳಚಿ ಮೂರನೇ ಹೋಳಿಗೆ ತಿನ್ನುತ್ತಾ, "ವೈನಿ, ಶಕಿ ಆಗಾಕತ್ತತಿ" ಎಂದರು.

"ಪುಟ್ಟಿ," ಅಜ್ಜಿ ಕರೆದರು, "ನನ್ನ ಚೀಲ ಮ್ಯಾಲೆ ತಗೊಂಡು ಬಾ."

ಅಷ್ಟು ಭಾರದ ಚೀಲವನ್ನು ನಾನು ಒಂದೇ ಉಸಿರಿಗೆ ಹೊತ್ತೆ. ಅಜ್ಜಿ ಉಳಿಯುವಂತೆ ಮಾಡಿದ್ದು ನಮ್ಮಮ್ಮ, ನನ್ನ ಕಣ್ಣೆದುರಿಗೇ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಮರುದಿನ ಭಾನುವಾರ. ಗೋಡೆಯ ಮೇಲೆ ತಾರೀಖು ಬರೆಯಲು ಸೀಮೆಸುಣ್ಣ ನನ್ನ ಕೈಗೆ ಬಂತು.

ಅಜ್ಜಿ ಮಾರ್ಚ್‌ವರೆಗೆ ಇದ್ದರು. ಊರಿಗೆ ಹೋದವರು ಮತ್ತೆ ಬರಲಾಗಲಿಲ್ಲ. ನಮಗೆ ಸಿಕ್ಕಿದ್ದು ಆ ಒಂದು ಚಳಿಗಾಲ.

ಕಳೆದ ವರ್ಷ ಆ ಬಾಯ್ಲರ್ ತೆಗೆಸಿದೆವು. ಕಿತ್ತುಹಾಕಲು ಬಂದವನು ಟಾರ್ಚ್ ಹಾಕಿ ಗೋಡೆಯುದ್ದದ ಕನ್ನಡ ಅಂಕಿಗಳನ್ನು ನೋಡಿದ, ಕಾವಲುಗಾರನನ್ನು ಬಿಚ್ಚಿ ಒಳಗೆ ನೋಡಿದ. ಇಷ್ಟು ಹಳೆಯದು ಇಷ್ಟು ಶುಚಿಯಾಗಿರುವುದನ್ನು ತಾನು ನೋಡಿಲ್ಲ ಎಂದು, "ಹೂ ವಾಸ್ ಯುವರ್ ಬಾಯ್ಲರ್ ಗೈ?" ಎಂದು ಕೇಳಿದ. ಹತ್ತಿ ಸೀರೆಯಲ್ಲಿ ನಿಂತಿದ್ದ ಅಮ್ಮ, "ಮಿ" ಎಂದಳು. ನನ್ನ ಡಿಗ್ರಿಯ ದಿನವೂ ನಾನು ಅಷ್ಟು ಬೀಗಿರಲಿಲ್ಲ.

ಈಗ ಆ ಮನೆಯಲ್ಲಿ ಗೋಡೆಗೆ ತೂಗುಹಾಕಿದ ತೆಳ್ಳನೆಯ ಯಂತ್ರವಿದೆ. ಧೂಳಿನ ವಾಸನೆಯಿಲ್ಲ, ಉಸಿರಿಲ್ಲ. ನಾನಿರುವುದು ಹ್ಯಾರಿಸನ್‌ನಲ್ಲಿ, ಕಾಕಾ ಹೇಳಿದ ಹಾಗೆ ಬಟನ್ ಒತ್ತುವ ಬಿಲ್ಡಿಂಗಿನಲ್ಲಿ. ಬಿಸಿ ಎಲ್ಲಿಂದ ಬರುತ್ತದೆ ಎಂದು ನನ್ನ ಮಗಳು ಕೇಳಿದರೆ ತೋರಿಸಲು ನನ್ನ ಹತ್ತಿರ ಏನೂ ಇಲ್ಲ.

ಈ ಸಲ ನೀರು ತುಂಬುವ ಹಬ್ಬದ ದಿನ ಅಮ್ಮನಿಗೆ ಫೋನ್ ಮಾಡಿ, "ಹೊಸ ಮಷೀನಿನಲ್ಲಿ ನೀರೇ ಇಲ್ಲವಲ್ಲ, ಏನು ತುಂಬಿಸಿದೆ?" ಎಂದು ಕೇಳಿದೆ.

"ಬೇಸ್‌ಮೆಂಟಲ್ಲಿ ಬಾಯ್ಲರ್ ಇದ್ದ ಜಾಗದಲ್ಲಿ ಒಂದು ಚೊಂಬು ಇಟ್ಟೆ ಕಣೇ," ಎಂದಳು ಅಮ್ಮ. "ಅಂಚಿನ ತನಕ ತುಂಬಿಸ್ದೆ. ನಿಮ್ಮಜ್ಜಿ ಹೇಳಿದ ಹಾಗೆ."