ಮೊಣಕಾಲೆತ್ತರದ ಕಿಟಕಿ

ನಾನು ಟಿಕೆಟ್ ಹರಿದುಕೊಡುವ ಮನೆಗೆ ಬರುವವರು ಮೊದಲು ಕೇಳುವುದು ಶೌಚಾಲಯ ಎಲ್ಲಿದೆ ಎಂದು. ಆಮೇಲೆ ಕೇಳುವುದು ಕಿಟಕಿ ಎಲ್ಲಿದೆ ಎಂದು. ಲೇಖಕರ ಬಗ್ಗೆ ಕೇಳುವವರು ತಿಂಗಳಿಗೆ ಇಬ್ಬರೋ ಮೂವರೋ ಸಿಕ್ಕರೆ ನಮ್ಮ ಪುಣ್ಯ. ಹದಿನಾರು ವರ್ಷದಿಂದ ಬಾಗಿಲ ಪಕ್ಕದ ಈ ಗೂಡಿನಲ್ಲಿ ಕೂತಿದ್ದೇನೆ. ಜನರ ಬಗ್ಗೆ ನನಗೆ ಭ್ರಮೆಯೇನೂ ಉಳಿದಿಲ್ಲ. ಸಿಡುಕ ಎಂದು ಹಿಂದಿನಿಂದ ಅನ್ನುತ್ತಾರೆ. ಅನ್ನಲಿ ಬಿಡಿ.

ಓಣಿಯ ಕೊನೆಯಲ್ಲಿ ನಿಂತ ಸಣ್ಣ ಮನೆ ಅದು. ಕೆಳಗೆ ಬೀದಿಗೆ ತಾಗಿದ ಒಂದು ಕೋಣೆ, ಹಿಂದೆ ಅಡುಗೆಮನೆ, ಏರಿದರೆ ಕಿರ್ರೆನ್ನುವ ಮರದ ಮೆಟ್ಟಿಲು, ಮೇಲೆ ಇನ್ನೊಂದು ಕೋಣೆ. ನಾಡಿಗೆಲ್ಲ ಗೊತ್ತಿರುವ ಆ ಲೇಖಕರು ಹುಟ್ಟಿ ಒಂಬತ್ತನೆಯ ವಯಸ್ಸಿನವರೆಗೆ ಇದ್ದದ್ದು ಇಲ್ಲಿ. ನಾವು ನೌಕರರು ಅವರನ್ನು ‘ದೊಡ್ಡವರು’ ಅನ್ನುತ್ತೇವೆ. ದೊಡ್ಡವರ ಪೆನ್ನು, ದೊಡ್ಡವರ ಕನ್ನಡಕ, ದೊಡ್ಡವರ ಕೊಡೆ ಎಲ್ಲವೂ ಗಾಜಿನ ಪೆಟ್ಟಿಗೆಯಲ್ಲಿವೆ. ಒಂಬತ್ತು ವರ್ಷದ ಹುಡುಗನಿಗೆ ಅಷ್ಟು ದಪ್ಪ ಕನ್ನಡಕ ಯಾಕಿತ್ತು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.

ಅವರಿಗೆಲ್ಲ ಬೇಕಾದದ್ದು ಕಿಟಕಿ. ಬೀದಿಕಡೆಯ ಕೋಣೆಯಲ್ಲಿ, ನೆಲದಿಂದ ಮೊಣಕಾಲೆತ್ತರಕ್ಕೆ, ಮರದ ಚೌಕಟ್ಟಿನ ಸಣ್ಣ ಕಿಟಕಿ. ಅದರ ಮುಂದೆ ಕೂತು, ಕೆಲಸಕ್ಕೆ ಹೋದ ತಾಯಿ ಬೀದಿಯ ತಿರುವಿನಲ್ಲಿ ಕಾಣಿಸಿಕೊಳ್ಳುವವರೆಗೂ ಕಾಯುತ್ತಿದ್ದೆ ಎಂದು ದೊಡ್ಡವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಎರಡು ಪುಟ ಶಾಲೆಯ ಪಠ್ಯದಲ್ಲೂ ಇತ್ತು. ಓದಿ ಅತ್ತವರೆಲ್ಲ ಬೆಳೆದ ಮೇಲೆ ಮಕ್ಕಳು ಮರಿ ಕಟ್ಟಿಕೊಂಡು ಇಲ್ಲಿಗೆ ಬರುತ್ತಾರೆ, ಮಂಡಿಯೂರಿ ಹೊರಗೆ ಇಣುಕುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ‘ನೋಡಿದ್ಯಾ, ಮಗುವಿನ ಎತ್ತರಕ್ಕೇ ಮಾಡ್ಸಿದಾರೆ’ ಎಂದು ಗಂಡ ಹೆಂಡತಿಗೆ ತೋರಿಸುತ್ತಾನೆ.

ಇದನ್ನೆಲ್ಲ ತೋರಿಸಿ ವಿವರಿಸುವವಳು ಕಿಟಕಿ ಅಕ್ಕ. ವಯಸ್ಸು ಐವತ್ತೆಂಟು, ಇಷ್ಟೇ ಇಷ್ಟು ಎತ್ತರ, ಗಂಟಲು ಮಾತ್ರ ಓಣಿಯ ಆ ತುದಿಗೆ ಕೇಳಬೇಕು. ಅವಳ ಅಪ್ಪ ಬಡಗಿ. ಈ ಮನೆಯಲ್ಲಿ ಬಾಡಿಗೆಗಿದ್ದವನು. ಅಕ್ಕ ಹುಟ್ಟಿದ್ದೂ ಇದೇ ಮನೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ದೊಡ್ಡವರ ಸ್ಮಾರಕ ಸಮಿತಿಯವರು ಮನೆ ಕೊಂಡರು, ಇವಳು ಖಾಲಿ ಮಾಡಿದಳು, ಮರುವಾರವೇ ಪೊರಕೆ ಹಿಡಿದು ಕಸ ಗುಡಿಸುವ ಕೆಲಸಕ್ಕೆ ವಾಪಸು ಬಂದಳು. ವಿವರಣೆ ಹೇಳಲು ಇದ್ದ ಮೇಷ್ಟರು ಕೈಕೊಟ್ಟಾಗ ಅಧ್ಯಕ್ಷರು ಎರಡು ಹಾಳೆ ಕೊಟ್ಟು ಬಾಯಿಪಾಠ ಮಾಡು ಎಂದರು. ಅಂದಿನಿಂದ ಹತ್ತೊಂಬತ್ತು ವರ್ಷ, ಒಂದಕ್ಷರ ಆಚೀಚೆ ಇಲ್ಲದೆ ಒಪ್ಪಿಸುತ್ತ ಬಂದಿದ್ದಳು.

ಬೆಳಗ್ಗೆ ಬಾಗಿಲು ತೆರೆಯುವ ಮುಂಚೆ ಬಂದು ಆ ಚೌಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಒಮ್ಮೆ ಒರೆಸುವಳು. ಕನ್ನಡಕದ ಪೆಟ್ಟಿಗೆಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳಿದ್ದರೂ ಕೇಳುತ್ತಿರಲಿಲ್ಲ. ‘ಸಂಬಳ ಕಿಟಕಿ ಒಂದಕ್ಕೇನಾ?’ ಎಂದು ನಾನು ಕೆಣಕಿದರೆ, ‘ನಿನ್ನ ಗೂಡಿನ ಜೇಡನ ಬಲೆ ಮೊದ್ಲು ತೆಗಿ’ ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅವಳಿಗೊಬ್ಬ ತಮ್ಮ, ಎರಡು ಬೀದಿ ಆಚೆ ಮಿಕ್ಸಿ, ಫ್ಯಾನು ರಿಪೇರಿ ಮಾಡುವವನು. ಆರು ವರ್ಷದ ಹಿಂದೆ ಒಂದೇ ಒಂದು ಸಲ ಇಲ್ಲಿಗೆ ಬಂದಿದ್ದ. ಅಕ್ಕ ಜನರನ್ನು ಸುತ್ತ ನಿಲ್ಲಿಸಿಕೊಂಡು ಕಿಟಕಿಯ ಕಥೆ ಹೇಳುತ್ತಿದ್ದಳು. ಅವನು ಅರ್ಧಕ್ಕೇ ತಿರುಗಿ, ನನ್ನ ಗೂಡಿನ ಮುಂದೆ ದುರ್ದಾನ ತೆಗೆದುಕೊಂಡವನ ಹಾಗೆ ನಡೆದು ಹೋದ. ಅವತ್ತಿನಿಂದ ಅಕ್ಕ-ತಮ್ಮನಿಗೆ ಮಾತಿಲ್ಲ. ಯಾಕೆಂದು ನಾನು ಕೇಳಲಿಲ್ಲ. ಒಡಹುಟ್ಟಿದವರ ಜಗಳದಲ್ಲಿ ಮೂಗು ತೂರಿಸಿದವನಿಗೆ ಮೂಗು ಉಳಿಯುವುದಿಲ್ಲ.

ಕಳೆದ ವರ್ಷ ಗೋಡೆ ಬಿರುಕು ಬಿಟ್ಟಿತು. ದುರಸ್ತಿ ಮಾಡಿಸಿಕೊಡಲು ಸರ್ಕಾರ ಒಪ್ಪಿತು, ಆದರೆ ಒಂದು ಷರತ್ತು ಹಾಕಿತು. ದೊಡ್ಡವರು ಬಿಟ್ಟುಹೋದಾಗ ಮನೆ ಹೇಗಿತ್ತೋ ಹಾಗೇ ಆಗಬೇಕು, ಆಮೇಲೆ ಸೇರಿದ್ದೆಲ್ಲ ಹೋಗಬೇಕು. ಇಂಜಿನಿಯರ್ ಹುಡುಗಿಯೊಬ್ಬಳು ಬಂದು ನಾಲ್ಕು ದಿನ ಅಲ್ಲಲ್ಲಿ ಗಾರೆ ಕೆರೆದು ನೋಡಿದಳು. ಐದನೆಯ ದಿನ ಕಿಟಕಿಯ ಸುತ್ತ ಕೆರೆದಳು. ಅಧ್ಯಕ್ಷರನ್ನು ಕರೆಸಿದಳು.

‘ಸಾರ್, ಮನೆಯೆಲ್ಲ ಸುಣ್ಣದ ಗಾರೆ. ಇಲ್ಲಿ ಮಾತ್ರ ಸಿಮೆಂಟು. ಇಟ್ಟಿಗೇನೂ ಬೇರೆ. ಈ ಕಿಟಕಿ ಆಮೇಲೆ ಯಾರೋ ಗೋಡೆ ಒಡೆದು ಇಟ್ಟಿದ್ದು.’

‘ಏನಮ್ಮಾ ಹೇಳ್ತಿದೀಯ! ಪುಸ್ತಕದಲ್ಲಿ ಬರೆದಿದಾರಲ್ಲ!’

‘ಪುಸ್ತಕದಲ್ಲಿ ಇರ್ಬಹುದು ಸಾರ್, ಗೋಡೇಲಿಲ್ಲ.’

ಬಾಗಿಲಲ್ಲಿ ನಿಂತಿದ್ದ ಅಕ್ಕ ಬಕೆಟ್ಟು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತಳು. ಅಧ್ಯಕ್ಷರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯವರು. ಒಂದು ನಿಮಿಷದಲ್ಲಿ ದಾರಿ ಹುಡುಕಿದರು. ‘ಇವಳು ಇಲ್ಲೇ ಹುಟ್ಟಿ ಬೆಳೆದವಳು. ಮೊದ್ಲಿಂದಾನೂ ಇದ್ದ ಕಿಟಕಿ, ನಮ್ಮಪ್ಪ ಬರೀ ರಿಪೇರಿ ಮಾಡ್ಸಿದ್ದು ಅಂತ ಇವಳು ಬರ್ಕೊಟ್ರೆ ಆಯ್ತಲ್ಲ?’

ಇಂಜಿನಿಯರ್ ಹುಡುಗಿ ಅಕ್ಕನ ಮುಖ ನೋಡಿದಳು. ‘ಬರೆದು ಸಹಿ ಹಾಕಿದ್ರೆ ನಾನು ಒಪ್ಕೋತೀನಿ. ಆಮೇಲಿಂದು ಅಂತಾದ್ರೆ ಮುಚ್ಚಲೇಬೇಕು. ನಿಜ ಏನೋ ಅದನ್ನ ಬರೀರಿ ಅಮ್ಮ. ನಾಡಿದ್ದು ಬರ್ತೀನಿ.’

ಸಂಜೆ ಕೊನೆಯ ಗುಂಪು ಹೋದ ಮೇಲೆ ಅಕ್ಕ ನನ್ನ ಗೂಡಿಗೆ ಬಂದು ಸ್ಟೂಲಿನ ಮೇಲೆ ಕೂತಳು.

‘ಅದು ನಮ್ಮಪ್ಪ ಕೊರೆದ ಕಿಟಕಿ ಕಣೋ’ ಅಂದಳು.

ಅವಳಿಗೆ ಹನ್ನೆರಡು ವರ್ಷವಿದ್ದಾಗ ಅಮ್ಮ ಬಿದ್ದು ಸೊಂಟ ಮುರಿದುಕೊಂಡಳಂತೆ. ಮತ್ತೆ ಏಳಲಿಲ್ಲ. ಬೀದಿಕಡೆಯ ಕೋಣೆಯಲ್ಲಿ ಗೋಡೆಗೊತ್ತಿ ತಗ್ಗು ಮಂಚ. ದಿನವಿಡೀ ಸೂರು ನೋಡುತ್ತ ಮಲಗಿದವಳು ಒಂದು ದಿನ, ನನಗೆ ಹುಚ್ಚು ಹಿಡಿಯುತ್ತೆ ಅಂದಳಂತೆ. ಮರುದಿನ ಅಪ್ಪ ಕೆಲಸಕ್ಕೆ ಹೋಗಲಿಲ್ಲ. ಮಂಚದ ದಿಂಬಿನಿಂದ ಗೋಡೆಗೆ ಗೆರೆ ಎಳೆದು, ಮಾಲೀಕನನ್ನೂ ಕೇಳದೆ ಗೋಡೆ ಒಡೆದ. ಮಗುವಿನ ಎತ್ತರವೂ ಅಲ್ಲ, ಮಣ್ಣೂ ಅಲ್ಲ. ಅದು ಮಲಗಿದ ಹೆಂಗಸಿನ ತಲೆಯ ಎತ್ತರ.

‘ಹಂಗಾದ್ರೆ ದೊಡ್ಡವರು?’

‘ಎರಡು ವರ್ಷ ಆದ್ಮೇಲೆ ಬಂದಿದ್ರು, ಹುಟ್ಟಿದ ಮನೆ ನೋಡ್ಬೇಕು ಅಂತ. ಎಪ್ಪತ್ತು ದಾಟಿತ್ತು. ಕೂತ್ಕೊಳೋಕೆ ಕುರ್ಚಿ ಇರ್ಲಿಲ್ಲ. ನಾನೇ ಅಮ್ಮನ ಕಾಲು ಸರಿಸಿ ಮಂಚದ ಮೇಲೆ ಜಾಗ ಮಾಡ್ಕೊಟ್ಟೆ. ಬಹಳ ಹೊತ್ತು ಹೊರಗೆ ನೋಡ್ತಾ ಇದ್ರು. ಅಮ್ಮ ಅವರಿಗೆ ಹೇಳ್ತಿದ್ಲು, ಮಕ್ಕಳು ಸ್ಕೂಲಿಂದ ಬಂದು ಆ ತಿರುವಲ್ಲಿ ಕಾಣೋವರೆಗೂ ನನ್ನ ಜೀವ ಇಲ್ಲೇ ಇರುತ್ತೆ ಅಂತ.’

ನನಗೆ ಪಿತ್ತ ನೆತ್ತಿಗೇರಿತು. ‘ಅಲ್ಲಾ, ಕಿಟಕೀನೂ ನಿಮ್ದು, ಮಾತೂ ನಿಮ್ದು! ಹಾಡಹಗಲೇ ಕಳ್ಳತನ ಅಲ್ವೇನೇ ಇದು!’

‘ಕದ್ದಿಲ್ಲ ಬಿಡೋ. ವಯಸ್ಸಾಗಿತ್ತು. ಯಾರ ಮಾತು ಅಂತ ಮರೆತೋಗಿ ತಮ್ದೇ ಅನ್ಸಿರ್ಬೇಕು. ಪುಸ್ತಕ ಬರೋ ಹೊತ್ತಿಗೆ ಅಮ್ಮಾನೂ ಇರ್ಲಿಲ್ಲ.’

‘ಅವರು ಮರೆತ್ರು. ನೀನು? ಹತ್ತೊಂಬತ್ತು ವರ್ಷ!’

‘ಏನು ಮಾಡ್ಲಿ? ನಮ್ಮಪ್ಪಂದು ಅಂದಿದ್ರೆ ಅವತ್ತೇ ಮುಚ್ಚಿರೋರು. ದೊಡ್ಡವರ ಹೆಸರಲ್ಲಾದ್ರೂ ಉಳೀತಲ್ಲ, ದಿನಾ ಒರೆಸ್ಬಹುದಲ್ಲ ಅಂದ್ಕೊಂಡೆ.’ ಸೆರಗಿನಿಂದ ಮೂಗು ಒರೆಸಿಕೊಂಡಳು. ‘ತಮ್ಮ ಅದಕ್ಕೇ ಮಾತು ಬಿಟ್ಟ.’

ಅವಳಿಗೆ ಅತ್ತ ದರಿ, ಇತ್ತ ಪುಲಿ. ಸುಳ್ಳು ಬರೆದರೆ ಕಿಟಕಿ ಉಳಿಯುತ್ತದೆ, ಆದರೆ ಅವಳ ಸಹಿಯೊಂದಿಗೆ ಶಾಶ್ವತವಾಗಿ ದೊಡ್ಡವರದಾಗುತ್ತದೆ. ನಿಜ ಬರೆದರೆ ಅಪ್ಪ-ಅಮ್ಮನದೆಂದು ಒಂದು ಕಾಗದದಲ್ಲಾದರೂ ಸೇರುತ್ತದೆ, ಕಿಟಕಿ ಇರುವುದಿಲ್ಲ. ನನ್ನನ್ನು ಕೇಳಿದಳು. ಟಿಕೆಟ್ ಹರಿಯುವವನಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ತಮ್ಮನನ್ನು ಕೇಳು ಅಂದೆ. ಒಬ್ಬಳೇ ಹೋಗಲಾರೆ ಅಂದಳು. ಬಾಗಿಲು ಹಾಕಿ ಜೊತೆಗೆ ಹೊರಟೆ.

ತಮ್ಮ ಅಂಗಡಿಯಲ್ಲಿ ಮಿಕ್ಸಿಯೊಂದನ್ನು ಬಿಚ್ಚಿಕೊಂಡು ಕೂತಿದ್ದ. ಅಕ್ಕನನ್ನು ಕಂಡೊಡನೆ ಅವನ ಕೈಯ ಸ್ಕ್ರೂಡ್ರೈವರ್ ನಿಂತಿತು, ಮತ್ತೆ ತಿರುಗತೊಡಗಿತು. ಅವಳು ನಿಂತೇ ಎಲ್ಲ ಹೇಳಿ ಮುಗಿಸಿದಳು.

‘ಈಗ ಬಂದ್ಯಾ?’ ಅವನು ತಲೆ ಎತ್ತಲಿಲ್ಲ. ‘ಅವತ್ತು ಜನರ ಮಧ್ಯೆ ನಿಂತು ನಾನು ಕೇಳಿಸ್ಕೊಂಡೆ. ಅಮ್ಮ ಸತ್ತ ಜಾಗದಲ್ಲಿ ನಿಂತ್ಕೊಂಡು ಇನ್ಯಾರದೋ ಅಮ್ಮನ ಕಥೆ ಹೇಳ್ತಿದ್ದೆ. ಗಿಣಿ ಹಂಗೆ.’

‘ತಪ್ಪಾಯ್ತು ಕಣೋ.’

‘ನನ್ನ ಹತ್ರ ಯಾಕೆ ಹೇಳ್ತೀಯ?’

‘ನಿಜ ಹೇಳಿದ್ರೆ ಮುಚ್ಚಿಬಿಡ್ತಾರೆ. ಅದಕ್ಕೆ ಕೇಳೋಕೆ ಬಂದೆ. ಅದು ನಿಂಗೂ ಅಮ್ಮ ಅಲ್ವಾ?’

ಅವನು ಮಿಕ್ಸಿಯೊಳಗೆ ಊದಿದ. ಧೂಳು ಹಾರಿ ಅವನ ಕಣ್ಣಿಗೇ ಬಿತ್ತು. ತೋಳಿನಿಂದ ಕಣ್ಣು ಉಜ್ಜಿಕೊಳ್ಳುತ್ತಲೇ ಇದ್ದ. ‘ನಿನ್ನಿಷ್ಟ. ನಿನ್ನ ಸಹಿ, ನಿನ್ನ ಕೈ’ ಎಂದಷ್ಟೇ ಅಂದ. ಕೂತ್ಕೋ ಅನ್ನಲಿಲ್ಲ. ದಾರಿಯುದ್ದಕ್ಕೂ ನಾನು ಅವನನ್ನು ಬೈಯುತ್ತ ಬಂದೆ.

ಹೇಳಿದ ದಿನ ಇಂಜಿನಿಯರ್ ಹುಡುಗಿ ಬಂದು ಹಾಳೆ ಮುಂದಿಟ್ಟಳು. ಅಕ್ಕ ದೊಡ್ಡ ದೊಡ್ಡ ಅಕ್ಷರದಲ್ಲಿ ಐದು ಸಾಲು ಬರೆದಳು. ಈ ಕಿಟಕಿಯನ್ನು ನನ್ನ ತಂದೆ, ಹಾಸಿಗೆ ಹಿಡಿದ ನನ್ನ ತಾಯಿಗಾಗಿ ಗೋಡೆ ಒಡೆದು ಮಾಡಿದರು. ಆಗ ನನಗೆ ಹನ್ನೆರಡು ವರ್ಷ. ಲೇಖಕರು ಇದನ್ನು ನೋಡಿದ್ದು ಮುದುಕರಾದ ಮೇಲೆ, ಒಂದೇ ಸಲ. ಅವರನ್ನು ಕೂರಿಸಿದವಳು ನಾನು. ಇದು ನಿಜ.

ಅಧ್ಯಕ್ಷರ ಮುಖ ಕೆಂಡವಾಯಿತು. ‘ಕೂತ ಕೊಂಬೇನೇ ಕಡಿದ್ಯಲ್ಲೇ! ಇನ್ನು ಯಾವನು ಬರ್ತಾನೆ ಇಲ್ಲಿಗೆ? ನಾಳೆಯಿಂದ ವಿವರಣೆ ಗಿವರಣೆ ಬೇಡ, ಪೊರಕೆ ಹಿಡಿ!’

‘ಪೊರಕೆ ಹಿಡ್ಕೊಂಡೇ ಬಂದವಳು ಸಾರ್’ ಎಂದಳು ಅಕ್ಕ.

ಮುಂದಿನ ಸೋಮವಾರ ಮೇಸ್ತ್ರಿ ಇಟ್ಟಿಗೆ ತಂದ. ಮೊದಲು ಚೌಕಟ್ಟು ಬಿಡಿಸಬೇಕು. ಅವನು ಹಾರೆ ಇಟ್ಟು ಮೀಟತೊಡಗಿದಾಗ ಮರ ಅತ್ತಂತೆ ಸದ್ದು ಮಾಡಿತು. ಅಕ್ಕ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಷ್ಟರಲ್ಲಿ ನನ್ನ ಗೂಡಿನ ಮುಂದೆ ಯಾರೋ ನಿಂತ ನೆರಳು. ತಲೆಯೆತ್ತಿದರೆ ತಮ್ಮ, ಕೈಯಲ್ಲಿ ಸಲಕರಣೆಯ ಚೀಲ.

‘ಎಲ್ಲಿ ಅವಳು?’ ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ನುಗ್ಗಿದ. ಮೇಸ್ತ್ರಿಯ ಕೈ ಹಿಡಿದ. ‘ಹಂಗೆ ಮೀಟಬೇಡ ಮಾರಾಯ, ಸೀಳಿಹೋಗುತ್ತೆ. ನಮ್ಮಪ್ಪ ಮೊಳೆ ಹೊಡೆದಿಲ್ಲ, ಮರದ ಬೆಣೆ ಹಾಕಿದಾನೆ. ಆಚೆ ಸರಿ.’ ಮಂಡಿಯೂರಿ ಕೂತು ಒಂದೊಂದೇ ಬೆಣೆ ಬಿಡಿಸಿದ. ಒಂದು ಗಂಟೆ ಹಿಡಿಯಿತು. ಅಡುಗೆಮನೆಯ ಬಾಗಿಲು ಮೆಲ್ಲಗೆ ತೆರೆಯಿತು. ಅಕ್ಕ ಬಂದು ಅವನ ಪಕ್ಕ ಕೂತು, ಬಿಡಿಸಿದ ಬೆಣೆಗಳನ್ನು ಸೆರಗಿಗೆ ಹಾಕಿಕೊಳ್ಳತೊಡಗಿದಳು. ಚೌಕಟ್ಟು ಇಡಿಯಾಗಿ ಹೊರಬಂತು.

ಅದನ್ನೇನು ಮಾಡುವುದೆಂದು ಮೇಸ್ತ್ರಿ ಕೇಳಿದ್ದಕ್ಕೆ, ಕೆಲಸ ನೋಡಲು ಬಂದಿದ್ದ ಅಧ್ಯಕ್ಷರು ಉರಿದುಬಿದ್ದರು. ‘ದೊಡ್ಡವರದ್ದಲ್ಲ ಅಂದ್ಮೇಲೆ ನಮಗ್ಯಾಕೆ? ತಿಪ್ಪೆಗೆ ಹಾಕು!’

‘ಕೇಳಿಸ್ತಲ್ಲ?’ ಎಂದು ನಾನು ತಮ್ಮನತ್ತ ನೋಡಿದೆ. ಅವನಿಗೆ ಆಗಲೇ ಕೇಳಿಸಿತ್ತು. ಒಂದು ತುದಿಯನ್ನು ಹೆಗಲಿಗೇರಿಸಿದ್ದ. ‘ಆ ಕಡೆ ಹಿಡ್ಕೋ ಅಕ್ಕ, ನನ್ನ ಮನೇಲಿ ಬೀದಿ ಕಡೆ ಗೋಡೆ ಖಾಲಿ ಇದೆ’ ಅಂದ.

ಅಕ್ಕ ಗಿಡ್ಡಿ, ತಮ್ಮ ಉದ್ದ. ಚೌಕಟ್ಟು ಓರೆಯಾಗಿ, ಬಾಗಿಲಿಗೆ ಎರಡು ಸಲ ತಾಗಿ, ಹೊರಗೆ ಬಂತು. ಅದೇ ಹೊತ್ತಿಗೆ ಬಸ್ಸಿಳಿದ ಒಂದು ಗುಂಪು ಟಿಕೆಟಿಗೆ ಸಾಲು ನಿಂತಿತ್ತು. ಮುಂದಿದ್ದವನೊಬ್ಬ ಚೌಕಟ್ಟು ಕಂಡು ಮೊಬೈಲ್ ಎತ್ತಿದ.

‘ಅಮ್ಮಾ, ಒಂದ್ನಿಮಿಷ ನಿಲ್ಲಿ. ಇದೇ ಅಲ್ವಾ ಅವರ ಕಿಟಕಿ?’

ಹತ್ತೊಂಬತ್ತು ವರ್ಷ ಹೌದು ಎಂದವಳು ಹೆಗಲ ಮೇಲಿನ ಭಾರ ಸರಿಮಾಡಿಕೊಂಡಳು. ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು:

‘ಅಲ್ಲಪ್ಪಾ. ನಮ್ಮಮ್ಮಂದು. ದಾರಿ ಬಿಡು.’