ನೆರಳಿಗೆ ಸಿಗದ ಇಕ್ಕಟ್ಟು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಸಿನಿಮಾ ಅಕ್ಕ ಎಂದೇ ಕರೆಯುತ್ತಿದ್ದರು. ಹೃದಯದ ರಕ್ತನಾಳಗಳ ಚಿತ್ರ ತೆಗೆಯುವ ಯಂತ್ರ ನಡೆಸುವುದು ಅವಳ ಕೆಲಸ. ಕೋಣೆಯ ನಡುವೆ ಗಾಜಿನ ಗೋಡೆ. ಆಚೆ ಮೇಜಿನ ಮೇಲೆ ರೋಗಿ, ಪಕ್ಕದಲ್ಲಿ ಸೀಸದ ಏಪ್ರನ್ ತೊಟ್ಟ ಡಾಕ್ಟರು. ಈಚೆ ಪರದೆಗಳ ಮುಂದೆ ಶಾಲು ಹೊದ್ದ ಅವಳು. ಯಂತ್ರ ಬಿಸಿಯಾಗಬಾರದೆಂದು ಆ ಕೋಣೆಯನ್ನು ಸದಾ ತಣ್ಣಗಿಟ್ಟಿರುತ್ತಿದ್ದರು. "ಇಲ್ಲಿ ಯಂತ್ರಕ್ಕಿರೋ ಮರ್ಯಾದೆ ಮನುಷ್ಯರಿಗಿಲ್ಲ" ಎಂದು ಗೊಣಗುತ್ತಲೇ ಅವಳ ದಿನ ಶುರುವಾಗುತ್ತಿತ್ತು.

ಮಣಿಕಟ್ಟಿನಿಂದ ಹೊರಟ ಸಣ್ಣ ಕೊಳವೆ ಹೃದಯದ ಬಾಗಿಲು ಮುಟ್ಟಿ, ಡಾಕ್ಟರು ಔಷಧಿ ಬಿಟ್ಟೊಡನೆ, ಬರಿದಾಗಿದ್ದ ಪರದೆಯಲ್ಲಿ ರಕ್ತನಾಳಗಳು ಕಪ್ಪಗೆ ಮೂಡಿ ಕೆಲವೇ ಬಡಿತಗಳಲ್ಲಿ ಅಳಿಸಿಹೋಗುತ್ತಿದ್ದವು. ಎಲ್ಲಿ ಎಷ್ಟು ಇಕ್ಕಟ್ಟಾಗಿದೆ ಎಂಬುದೆಲ್ಲ ಕಣ್ಣಳತೆಯ ಲೆಕ್ಕ. ಒಬ್ಬರು ಎಪ್ಪತ್ತು ಭಾಗ ಮುಚ್ಚಿದೆ ಎಂದದ್ದನ್ನು ಇನ್ನೊಬ್ಬರು ಐವತ್ತು ಎನ್ನುವುದೂ ಇತ್ತು. "ಊಟಕ್ಕೆ ಮುಂಚೆ ನೋಡಿದ್ರೆ ಒಂದು, ಊಟ ಆದ್ಮೇಲೆ ಇನ್ನೊಂದು" ಎಂದು ದೊಡ್ಡ ಡಾಕ್ಟರು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತಿದ್ದರು. ನೋಡಿ ನೋಡಿ ಅವಳ ಕಣ್ಣೂ ಪಳಗಿತ್ತು. ಚಿತ್ರ ಮೂಡುತ್ತಿದ್ದಂತೆಯೇ ಇವರಿಗೆ ಸ್ಟೆಂಟ್ ಬೇಕು, ಇವರಿಗೆ ಬೇಡ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಡುತ್ತಿದ್ದಳು.

ಆಮೇಲೆ ಆ ತಂತಿ ಬಂತು. ಕೂದಲಿನಷ್ಟು ತೆಳ್ಳಗೆ, ತುದಿಯಲ್ಲಿ ಒತ್ತಡ ಅಳೆಯುವ ಸಾಧನ. ಇಕ್ಕಟ್ಟಿನ ಈಚೆ ರಕ್ತದ ಒತ್ತಡ ನೂರಿದ್ದರೆ ಆಚೆ ಎಷ್ಟು ಉಳಿಯಿತು ಎಂದು ಅದು ಹೇಳುತ್ತಿತ್ತು. ಎಂಬತ್ತಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಮಾತ್ರೆ ಸಾಕು, ಕೆಳಗಿಳಿದರೆ ಸ್ಟೆಂಟಿನ ಯೋಚನೆ. ಅವಳು ಮೂಗು ಮುರಿದಳು. ಕಣ್ಣೆದುರಿಗೇ ಇರುವುದನ್ನು ಒಂದು ತಂತಿ ಬಂದು ಹೇಳಬೇಕೆ?

ಹೀಗಿರುವಾಗ ಮೆಟ್ಟಿಲು ಹತ್ತುವಾಗ ಅವಳ ಎದೆ ಬಿಗಿಯತೊಡಗಿತು. ಮೊದಮೊದಲು ಲಿಫ್ಟು ಹಿಡಿದು ಸುಮ್ಮನಾದಳು. ಶಾಲೆಯ ವ್ಯಾನು ಓಡಿಸುವ ಗಂಡ ಬಿಡಲಿಲ್ಲ.

"ದಿನಾ ಊರವರ ಎದೆ ನೋಡ್ತೀಯ. ನಿಂದೂ ಒಂದ್ಸಲ ನೋಡಿಸ್ಕೊಂಡ್ರೆ ಗಂಟೇನು ಹೋಗುತ್ತೆ?"

"ಗ್ಯಾಸ್ ಇರ್ಬೇಕು ಬಿಡ್ರಿ."

"ಗ್ಯಾಸ್ ಆದ್ರೆ ಕೂತಾಗ್ಲೂ ಬರ್ಬೇಕಲ್ಲ? ಮೆಟ್ಟಿಲು ನೋಡ್ಕೊಂಡು ಬರುತ್ತಾ?"

ಮರುದಿನವೇ ಅವಳು ದೊಡ್ಡ ಡಾಕ್ಟರ ಬಳಿ ಹೋದಳು. ಪರೀಕ್ಷೆಗಳಾದವು. ಅದೇ ಮೇಜಿನ ಮೇಲೆ ಅವಳೇ ಮಲಗುವ ದಿನ ಬಂತು. ಗಾಜಿನ ಆಚೆಯಿಂದ ಅವಳ ಜೊತೆಯ ಟೆಕ್ನಿಶಿಯನ್ ಕೈ ಬೀಸಿದಳು. ಇಷ್ಟು ವರ್ಷ ಆ ಕಡೆಯಿಂದ ನೋಡಿದ ಕೋಣೆ ಈ ಕಡೆಯಿಂದ ಬೇರೆಯೇ ಊರಿನಂತೆ ಕಂಡಿತು.

ದೊಡ್ಡ ಡಾಕ್ಟರು ಔಷಧಿ ಬಿಟ್ಟರು. ಮೈಯಲ್ಲಿ ಬೆಚ್ಚಗೆ ಏನೋ ಹರಿಯಿತು. ಪರದೆಯಲ್ಲಿ ಅವಳದೇ ರಕ್ತನಾಳಗಳು ಮೂಡಿದವು. ಒಂದು ಕವಲಿನ ಬುಡ ದಾರ ಕಟ್ಟಿ ಎಳೆದಂತೆ ಸಣ್ಣಗಾಗಿತ್ತು. ಇದಕ್ಕೆ ಸ್ಟೆಂಟೇ ಎಂದು ಭಯದಲ್ಲೇ ತೀರ್ಪು ಕೊಟ್ಟುಕೊಂಡಳು. ಹೃದಯದ ಮುಂಭಾಗದ ದೊಡ್ಡ ನಾಳದಲ್ಲಿ ಅಂಥದ್ದೇನೂ ಕಾಣಲಿಲ್ಲ, ಅಲ್ಲಲ್ಲಿ ಒಂಚೂರು ಒರಟು, ಅಷ್ಟೆ.

"ಆ ಕವಲೇ ಅಲ್ವಾ ಸರ್?"

"ನಂಗೂ ಹಂಗೇ ಅನ್ಸುತ್ತೆ. ಆದ್ರೆ ನಮ್ಮಿಬ್ಬರ ಕಣ್ಣನ್ನೂ ನಂಬೋದು ಬೇಡಮ್ಮ. ತಂತಿ ಹಾಕಿ ಕೇಳೋಣ."

ಪರದೆಯ ಮೇಲೆ ಎರಡು ಅಲೆಗಳು ಕಾಣಿಸಿಕೊಂಡವು. ಕೆಂಪು ಗೆರೆ ಇಕ್ಕಟ್ಟಿನ ಈಚಿನದು, ಹಸಿರು ಗೆರೆ ಆಚಿನದು. ಮೆಟ್ಟಿಲು ಹತ್ತುವಾಗಿನಂತೆ ಹೃದಯವನ್ನು ದುಡಿತದ ಸ್ಥಿತಿಗೆ ತರುವ ಔಷಧಿಯನ್ನು ನರ್ಸ್ ಬಿಟ್ಟಳು. "ಸ್ವಲ್ಪ ಹೊತ್ತು ಎದೆ ಬಿಗಿಯುತ್ತೆ, ಹೆದರಬೇಡಿ" ಎಂದು ಎಷ್ಟು ಜನರಿಗೆ ಅವಳೇ ಮೈಕಿನಲ್ಲಿ ಹೇಳಿರಲಿಲ್ಲ! ಈಗ ಮುಖ ಕಾದು, ಎದೆ ಮೇಲೆ ಯಾರೋ ಕೂತಂತಾಗಿ, ಉಸಿರು ಸಾಲದಾಯಿತು. ಆ ಮಾತಿನ ಭಾರ ಅವಳಿಗೆ ಆವತ್ತೇ ತಿಳಿದದ್ದು. ಆದರೂ ಕಣ್ಣು ಕದಲಿಸಲಿಲ್ಲ. ಕವಲಿನಲ್ಲಿ ಹಸಿರು ಗೆರೆ ಕೆಂಪಿನ ಬೆನ್ನು ಬಿಡಲಿಲ್ಲ. ಎಂಬತ್ತೆಂಟು. ಅಷ್ಟು ಭಯ ಹುಟ್ಟಿಸಿದ್ದ ಆ ಇಕ್ಕಟ್ಟು ರಕ್ತಕ್ಕೆ ದಾರಿ ಬಿಟ್ಟುಕೊಂಡೇ ಇತ್ತು.

ತಂತಿ ದೊಡ್ಡ ನಾಳಕ್ಕೆ ಹೋಯಿತು. ಮತ್ತೆ ಔಷಧಿ, ಮತ್ತೆ ಬಿಗಿತ. ಈ ಸಲ ಹಸಿರು ಗೆರೆ ಮೆಲ್ಲಗೆ ಕೆಂಪಿನಿಂದ ಬೇರೆಯಾಗಿ ಕೆಳಗಿಳಿಯಿತು, ಜೊತೆಯಲ್ಲಿ ನಡೆಯುತ್ತಿದ್ದವರು ಕೈಬಿಟ್ಟು ಹಿಂದುಳಿದಂತೆ. ಎಪ್ಪತ್ತೆರಡು.

"ಇದು ಗುಮ್ಮನಗುಸುಕ" ಎಂದರು ದೊಡ್ಡ ಡಾಕ್ಟರು. "ಎಷ್ಟು ಸಂಭಾವಿತನ ಹಂಗೆ ಕೂತಿದೆ ನೋಡು."

ಅಷ್ಟಕ್ಕೇ ಬಿಡದೆ, ಶಬ್ದದ ಅಲೆಯಿಂದ ನಾಳದ ಗೋಡೆಯನ್ನು ಒಳಗಿನಿಂದಲೇ ನೋಡುವ ಸಾಧನವನ್ನೂ ಕಳಿಸಿದರು. ಆಗ ಗುಟ್ಟು ಬಯಲಾಯಿತು. ಗೋಡೆ ಉದ್ದಕ್ಕೂ ಕೊಬ್ಬು ಕಟ್ಟಿ ದಪ್ಪಗಾಗಿತ್ತು. ಹೋಲಿಸಿ ನೋಡಲು ಪಕ್ಕದಲ್ಲಿ ಅಗಲವಾದ ಜಾಗವೇ ಉಳಿದಿರದಿದ್ದರಿಂದ ಎಲ್ಲೂ ಇಕ್ಕಟ್ಟೆಂದು ತೋರುತ್ತಿರಲಿಲ್ಲ. ಚಿತ್ರ ಕೊಟ್ಟಿದ್ದು ಬರೀ ನೆರಳು. ಗೋಡೆಯ ಕಥೆ ಶಬ್ದಕ್ಕೆ ಗೊತ್ತಿತ್ತು, ರಕ್ತದ ಕಷ್ಟ ತಂತಿಗೆ ಗೊತ್ತಿತ್ತು.

"ಹಾಗಾದ್ರೆ ತಂತಿ ಹೇಳಿದ್ದೇ ಸತ್ಯ ಅನ್ನಿ ಸರ್."

"ಹಂಗೂ ಅನ್ನೋಕಾಗಲ್ಲಮ್ಮ. ಕೆಲವು ಸಲ ಮೂರೂ ಮೂರು ದಿಕ್ಕಿಗೆ ಎಳೀತವೆ. ಆಗ ರೋಗಿನೇ ಕೇಳ್ಬೇಕು, ಮೆಟ್ಟಿಲು ಹತ್ತೋವಾಗ ಏನಾಗುತ್ತಪ್ಪಾ ಅಂತ."

ಶಬ್ದ ತೋರಿಸಿದ ಅಳತೆಗೆ ಸ್ಟೆಂಟ್ ಕೂರಿಸಿ, ಮತ್ತೊಮ್ಮೆ ತಂತಿ ಹಾಯಿಸಿದರು. ಹಸಿರು ಗೆರೆ ಮೇಲೇರಿ ಕೆಂಪಿನ ಪಕ್ಕಕ್ಕೆ ಬಂತು. ಅವಳ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು. ನೋವಿದೆಯಾ ಎಂದು ನರ್ಸ್ ಕೇಳಿದಳು. ಇಲ್ಲವೆಂದು ತಲೆಯಾಡಿಸಿದಳು. ಮುಷ್ಟಿಯಷ್ಟು ಮಾಂಸ, ಒಂದು ಗಳಿಗೆಯೂ ಕೂರದೆ ದುಡಿಯುತ್ತ, ತನ್ನ ಕಷ್ಟವನ್ನು ಇಷ್ಟು ಗುಟ್ಟಾಗಿ ಇಟ್ಟುಕೊಂಡಿತ್ತಲ್ಲ ಎಂಬುದನ್ನು ಯಾರಿಗೆ ಹೇಗೆ ಹೇಳುವುದು?

ಮನೆಗೆ ಹೊರಡುವ ಮುಂಚೆ ದೊಡ್ಡ ಡಾಕ್ಟರು ಗಂಡನನ್ನೂ ಕೂರಿಸಿ ಆ ಚಿತ್ರ ತೋರಿಸಿದರು. ಆತ ಟೋಪಿ ಕೈಯಲ್ಲಿ ಹಿಡಿದು ಪರದೆಯತ್ತ ಬಾಗಿದ. ನಾಳಗಳು ಮೂಡಿದವು, ಕುಣಿದವು, ಮಾಯವಾದವು. ಇನ್ನೊಂದು ಸಲ ಹಾಕಿ ಎಂದ. ಮತ್ತೂ ಒಂದು ಸಲ.

"ಇದು ನಿಂದೇನಾ?"

"ಹೂಂ, ನಂದೇ."

"ದಿನಾ ಇಂಥದ್ದೇ ನೋಡ್ತಿದ್ಯಾ?"

"ದಿನಾ."

ಆತ ಪರದೆಯಿಂದ ಅವಳತ್ತ ತಿರುಗಿದ. "ಮನೆಗೆ ಬಂದು ಲಿಫ್ಟ್ ಕೆಟ್ಟಿದ್ದು, ಕ್ಯಾಂಟೀನಿನ ಜಗಳ, ಎಲ್ಲಾ ಹೇಳ್ತಿದ್ದೆ. ಇದನ್ನ ಮಾತ್ರ ಹೇಳಲೇ ಇಲ್ವಲ್ಲೇ."

ಅವಳಿಗೆ ನಗು ಬಂತು. ನಿಜವೇ, ಹೇಳಿರಲಿಲ್ಲ. ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು, ಮನೆಯ ದಾರಿಯುದ್ದಕ್ಕೂ ಹೇಳಿದಳು. ಗಂಡ ಎಂದೂ ಇಲ್ಲದಷ್ಟು ನಿಧಾನಕ್ಕೆ ಓಡಿಸಿದ.