ಸ್ಕ್ರೂ ಅಕ್ಕ ವಾಪಸ್ ಕೊಡಿಸಿದ ಬೀಗದಕೈ

ಕಂಪ್ಯೂಟರ್ ರಿಪೇರಿ ಮಾಡುವ ಆಕೆಯನ್ನು ನಮ್ಮ ಬೀದಿಯವರೆಲ್ಲ ಸ್ಕ್ರೂ ಅಕ್ಕ ಎನ್ನುತ್ತಾರೆ. ಬಿಚ್ಚಿದ ಸ್ಕ್ರೂಗಳನ್ನು ಟಿಫನ್ ಡಬ್ಬಿಯ ಮುಚ್ಚಳದಲ್ಲಿ ಸಾಲಾಗಿ ಇಡುವುದು ಅವರ ರೂಢಿ. ಇವತ್ತು ನಾನು ಈ ಪ್ರೆಸ್ಸಿನ ಕುರ್ಚಿಯಲ್ಲಿ ಕೂತಿದ್ದರೆ ಅದು ಅವರ ಪುಣ್ಯ.

ಆರು ವರ್ಷದಿಂದ ಇಲ್ಲಿ ಮದುವೆ ಕಾರ್ಡು, ಬಿಲ್‌ಬುಕ್ಕು ಟೈಪ್ ಮಾಡುವವಳು ನಾನು. ಬೆಳಿಗ್ಗೆ ಬಾಗಿಲು ತೆಗೆಯುವವಳೂ ನಾನೇ. ಹೋದ ತಿಂಗಳು ಬ್ರೌಸರ್ ತೆರೆದರೆ ಸಾಕು, ಜಾಹೀರಾತುಗಳು ಮುಖಕ್ಕೆ ರಾಚತೊಡಗಿದವು. ಗಿರಾಕಿಗಳಿಗೆ ನನ್ನ ಹೆಸರಲ್ಲಿ ಏನೇನೋ ಲಿಂಕುಗಳು ಹೋದವು. ಕಂಪ್ಯೂಟರ್ ಮಾರಿದವರು ಬಂದು ಎರಡು ಸಲ ಎಲ್ಲ ಅಳಿಸಿ ಹೊಸದಾಗಿ ಹಾಕಿದರು. ಮಧ್ಯಾಹ್ನದೊಳಗೆ ಮತ್ತೆ ಅದೇ ರಾಗ.

"ಕಂಡಕಂಡ ಪೇಜ್ ತೆಗೀತೀರಿ ನೀವು. ನಾಳೆಯಿಂದ ಬರಬೇಡಿ, ಕೀ ಕೊಡಿ" ಎಂದರು ಯಜಮಾನರು.

ನನಗೋ ಮೂಗಿನ ತುದಿಯಲ್ಲೇ ಕೋಪ. ಬೀಗದಕೈಯನ್ನು ಮೇಜಿನ ಮೇಲೆ ಕುಕ್ಕಿದೆ. ಕುಕ್ಕಿದ ಮೇಲೆ ಅಮ್ಮನ ನೆನಪಾಯಿತು. ಅಮ್ಮನೂ ನಾನೂ ಉಣ್ಣುವುದು ಇದೇ ಕೆಲಸದಿಂದ.

ಯಜಮಾನರು ಹೇಳಿಕಳಿಸಿದ್ದ ಸ್ಕ್ರೂ ಅಕ್ಕ ಅಷ್ಟರಲ್ಲಿ ಬಂದರು. ಎಲ್ಲ ಅಳಿಸಿ ಹೊಸದಾಗಿ ಹಾಕಿ, ಕೈಕಟ್ಟಿಕೊಂಡು ನನ್ನ ಹಿಂದೆ ನಿಂತರು.

"ಈಗ ದಿನಾ ಹೇಗೆ ಶುರು ಮಾಡ್ತೀಯೋ ಹಾಗೇ ಮಾಡಮ್ಮ. ನಾನು ನೋಡ್ತೀನಿ."

ನಾನು ಬ್ರೌಸರ್ ತೆರೆದು ಲಾಗಿನ್ ಆದೆ.

"ತಡಿ. ಇದು ನಿನ್ನ ಸ್ವಂತ ಅಕೌಂಟಾ?"

"ಹೂಂ ಅಕ್ಕ. ಡಿಸೈನ್ ಪೇಜುಗಳೆಲ್ಲ ಇದರಲ್ಲೇ ಗುರುತು ಹಾಕಿಟ್ಟಿದೀನಿ."

"ಮನೇಲೂ ಇದೇನಾ?"

"ಅಮ್ಮ ಅಡುಗೆ ವಿಡಿಯೊ ನೋಡೋದೂ ಇದರಲ್ಲೇ."

ಅಕ್ಕ ಪರದೆಯ ಮೇಲೆ ಬೆರಳಿಟ್ಟರು. ವಿಡಿಯೊ ಇಳಿಸಿಕೊಳ್ಳಲೆಂದು ಅಮ್ಮ ಮನೆಯ ಲ್ಯಾಪ್‌ಟಾಪಿಗೆ ಬ್ರೌಸರಿಗೆ ಅಂಟಿಕೊಳ್ಳುವ ಯಾವುದೋ ಎಕ್ಸ್‌ಟೆನ್ಷನ್ ಹಾಕಿಕೊಂಡಿದ್ದಳು; ಜಾಹೀರಾತು, ಲಿಂಕು ಎಲ್ಲ ಅದರದೇ ಕೆಲಸ. ನಾನು ಲಾಗಿನ್ ಆದೊಡನೆ ಅದು ಸಿಂಕ್ ಆಗಿ, ಅಂದರೆ ಅಕೌಂಟಿನ ಬೆನ್ನು ಹತ್ತಿ, ಇಲ್ಲಿಗೂ ಬಂದು ಕೂರುತ್ತಿತ್ತು. ಇಲ್ಲಿ ಎಷ್ಟು ತೊಳೆದರೇನು, ಬೇರು ಮನೆಯಲ್ಲಿತ್ತು. ಮಾರಿಯನ್ನು ದಿನಾ ನಾನೇ ಕೈಹಿಡಿದು ಕರೆತರುತ್ತಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಕ್ಕ ಯಜಮಾನರತ್ತ ತಿರುಗಿದರು. "ಇವಳು ಕಂಡಕಂಡ ಪೇಜ್ ತೆಗೆದಿಲ್ಲ ಸಾರ್. ಆರು ವರ್ಷದಲ್ಲಿ ಪ್ರೆಸ್ಸಿಗೆ ಅಂತ ಒಂದು ಅಕೌಂಟ್ ಮಾಡಿಸಿದೀರಾ? ತನ್ನದನ್ನೇ ತಂದು ನಿಮ್ಮ ಕೆಲಸ ಮಾಡಿದಾಳೆ."

ಯಜಮಾನರು ಕನ್ನಡಕ ತೆಗೆದು ಒರೆಸತೊಡಗಿದರು.

ಅಕ್ಕ ಸಿಂಕ್ ನಿಲ್ಲಿಸಿ, ಪಾಸ್‌ವರ್ಡ್ ಬದಲಿಸಿ, ಪ್ರೆಸ್ಸಿಗೆ ಬೇರೆ ಅಕೌಂಟ್ ಮಾಡಿಕೊಟ್ಟರು. ಸಂಜೆ ಮನೆಗೆ ಬಂದು ಲ್ಯಾಪ್‌ಟಾಪನ್ನೂ ತೊಳೆಯುತ್ತೇನೆಂದರು. "ಅಮ್ಮಂಗೆ ಬೈಬೇಡ. ಪಾಪ, ಅವರಿಗೇನು ಗೊತ್ತು" ಎಂದರು.

"ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ ಅಕ್ಕ" ಎಂದೆ.

"ಅದಿರಲಿ, ಮೊದಲು ಲಾಗೌಟ್ ಆಗು."

ನಗು ಬಂತು, ಜೊತೆಗೆ ಅಳುವೂ ಬಂತು. ಯಜಮಾನರು ನನ್ನ ಮುಖ ನೋಡದೆ ಬೀಗದಕೈಯನ್ನು ಮೇಜಿನ ಮೇಲೆ ನನ್ನತ್ತ ಸರಿಸಿದರು.

"ನಾಳೆ ನಾನು ಬರೋದು ಲೇಟಾಗತ್ತೆ. ನೀವೇ ಬಾಗಿಲು ತೆಗೀರಿ."